ಹಾಸ್ಟೆಲ್ ಹೆಚ್ಚಿಸುವವರಿಗೆ ಬಾಡಿಗೆ ರೂಮಿನವನ ನಮಸ್ಕಾರ

ಇವರಿಂದ: ಶೀಟಿನ ರೂಮುಗಳ ಮಾಲೀಕ, ಹೊಸಹಳ್ಳಿ, ಕೂಡ್ಲಿಗಿ ತಾಲ್ಲೂಕು, ವಿಜಯನಗರ ಜಿಲ್ಲೆ.

ಇವರಿಗೆ: ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ: ಈ ಇಲಾಖೆಗಳಲ್ಲಿ ಯಾರು ಮೊದಲು ಲಕೋಟೆ ಒಡೆಯುತ್ತಾರೋ ಅವರಿಗೆ.

ವಿಷಯ: ವಿದ್ಯಾರ್ಥಿ ನಿಲಯಗಳನ್ನು ಹೆಚ್ಚಿಸುವ ತಮ್ಮ ಪ್ರಯತ್ನಗಳು ಹೀಗೇ ಮುಂದುವರಿಯಲೆಂದು ಕೋರಿ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಹೆದ್ದಾರಿ ಪಕ್ಕದ ಹೊಸಹಳ್ಳಿಯವನು. ಅಪ್ಪ ಬಿಟ್ಟುಹೋದ ಹೊಲದಲ್ಲಿ ಶೇಂಗಾ ಬಿತ್ತಿ ಮಳೆಯನ್ನು ನಂಬಿ ಕೂತಿದ್ದೆ. ಹೊಟ್ಟೆ ತುಂಬಲಿಲ್ಲ. ಹಾಗಾಗಿ ಮಳೆಯನ್ನು ಬಿಟ್ಟು ತಮ್ಮನ್ನು ನಂಬಿದೆ. ಕಾಲೇಜು ಇರುವ ಊರಲ್ಲಿ ಒಂದು ಸೈಟು ಹಿಡಿದು, ಸಾಲಾಗಿ ಆರು ರೂಮು ಕಟ್ಟಿಸಿ, ಮೇಲೆ ಶೀಟು ಹಾಕಿಸಿದೆ. ಅಂದಿನಿಂದ ಇಂದಿನವರೆಗೆ ಒಂದು ವರ್ಷವೂ ನನ್ನ ರೂಮು ಖಾಲಿ ಬಿದ್ದಿಲ್ಲ. ಮಳೆ ಕೈಕೊಟ್ಟಿದೆ, ಬೆಂಬಲ ಬೆಲೆ ಕೈಕೊಟ್ಟಿದೆ, ತಾವು ಮಾತ್ರ ಒಮ್ಮೆಯೂ ಕೈಬಿಟ್ಟಿಲ್ಲ. ಋಣ ತೀರಿಸಲು ಈ ಪತ್ರ.

ತಮ್ಮ ಹಾಸ್ಟೆಲುಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮೊದಲ ಮಾಸ್ತರು, ಮೊದಲ ನರ್ಸು, ಮೊದಲ ಪೊಲೀಸು ಬಂದದ್ದು ಅದೇ ಹಾಸ್ಟೆಲಿನ ಚಿತ್ರಾನ್ನ ತಿಂದು. ಅದಕ್ಕೇ ನನಗೆ ಭಯ. ಆ ಹಾಸ್ಟೆಲುಗಳು ಬೇಕಾದಷ್ಟು, ಬೇಕಾದ ಹೊತ್ತಿಗೆ ಸಿಕ್ಕುಬಿಟ್ಟರೆ ನನ್ನ ಗತಿಯೇನು? ತಾವು ಹಾಗೆ ಆಗಗೊಡುವುದಿಲ್ಲ ಎಂಬ ಧೈರ್ಯದ ಮೇಲೆ ಬ್ಯಾಂಕಿನಿಂದ ಸಾಲ ತಂದಿದ್ದೇನೆ.

ಮೊದಲ ನಮಸ್ಕಾರ ತಮ್ಮ ಕ್ಯಾಲೆಂಡರಿಗೆ. ಪಿಯುಸಿ ಫಲಿತಾಂಶ ಬರುತ್ತದೆ. ಡಿಗ್ರಿಗೆ ಹುಡುಗರು ಸೇರುತ್ತಾರೆ, ಫೀಸು ಕಟ್ಟುತ್ತಾರೆ, ತರಗತಿ ಶುರುವಾಗುತ್ತದೆ. ಆಮೇಲೆ ತಾವು ಹಾಸ್ಟೆಲಿಗೆ ಆನ್‌ಲೈನ್ ಅರ್ಜಿ ಕರೆಯುತ್ತೀರಿ. ಅರ್ಜಿಗೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಆದಾಯದ್ದೂ ಬೇಕು, ಆಧಾರಿನ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಇರಬೇಕು. ಆಧಾರಿನಲ್ಲಿ ‘ಹನುಮಂತ’, ಮಾರ್ಕ್ಸ್ ಕಾರ್ಡಿನಲ್ಲಿ ‘ಹನುಮಂತಪ್ಪ’ ಆದವನು ನಾಡಕಚೇರಿಗೆ ಹೋಗುತ್ತಾನೆ. ಅಲ್ಲಿ ಸರ್ವರ್ ಡೌನ್. ಸರ್ವರ್ ಎದ್ದ ದಿನ ಇವನಿಗೆ ಇಂಟರ್ನಲ್ ಪರೀಕ್ಷೆ. ಕೊನೆಯ ದಿನಾಂಕ ಮುಂದೂಡುತ್ತೀರಿ, ಮತ್ತೊಮ್ಮೆ ಮುಂದೂಡುತ್ತೀರಿ. ದಯಾಳುಗಳು. ನಂತರ ಪರಿಶೀಲನೆ, ಆಯ್ಕೆ ಪಟ್ಟಿ, ಆಕ್ಷೇಪಣೆ, ಎರಡನೇ ಪಟ್ಟಿ.

ಈ ಎಲ್ಲ ದಿನ ಹುಡುಗ ಎಲ್ಲಿ ಮಲಗುತ್ತಾನೆ ಎಂಬ ಪ್ರಶ್ನೆಗೆ ತಮ್ಮ ಅರ್ಜಿಯಲ್ಲಿ ಕಾಲಂ ಇಲ್ಲ. ಉತ್ತರ ನನ್ನ ಹತ್ತಿರ ಇದೆ. ಟ್ರಂಕು, ಹಾಸಿಗೆ, ಅರ್ಧ ಚೀಲ ಅಕ್ಕಿ ಹೊತ್ತುಕೊಂಡು ಬಂದು, “ಅಣ್ಣಾ, ಲಿಸ್ಟ್ ಇನ್ನೂ ಬಿಟ್ಟಿಲ್ಲ, ಒಂದು ತಿಂಗ್ಳು ಮಾತ್ರ ಇರ್ತೀನಿ” ಅನ್ನುತ್ತಾನೆ. “ಇರಪ್ಪ, ಅದಕ್ಕೇನು. ಆದ್ರೆ ಅಡ್ವಾನ್ಸ್ ಎಲ್ರಿಗೂ ಒಂದೇ” ಅನ್ನುತ್ತೇನೆ ನಾನು. ಪಟ್ಟಿ ಬಂದು ಹೆಸರಿದ್ದರೆ ಅವನು ಹೋಗುತ್ತಾನೆ, ಅಡ್ವಾನ್ಸ್ ಉಳಿಯುತ್ತದೆ. ಹೆಸರಿಲ್ಲದಿದ್ದರೆ ಇಬ್ಬರೂ ಉಳಿಯುತ್ತಾರೆ. ಯಾವ ಕಡೆ ಬಿದ್ದರೂ ಗೆಲ್ಲುವ ಇಂಥ ಆಟವನ್ನು ಬಳ್ಳಾರಿ ಸೀಮೆಯ ಇಸ್ಪೀಟ್ ಅಡ್ಡೆಗಳಲ್ಲೂ ನಾನು ಕಂಡಿಲ್ಲ.

ತಡವಾಗದೆ ಹಂಚಿಕೆಯಾಗುವ ಹಾಸ್ಟೆಲು ರಾಜ್ಯದಲ್ಲಿ ಇಲ್ಲವೇ ಇಲ್ಲ ಎಂದಲ್ಲ, ಒಂದಿದೆ. ಬೆಂಗಳೂರಿನ ಶಾಸಕರ ಭವನ. ನಮ್ಮ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. ಆ ಮೀಸಲಿನಲ್ಲಿ ಗೆದ್ದವರಿಗೆ ರೂಮು ಸಿಗಲು ಎರಡನೇ ಪಟ್ಟಿ ಕಾಯಬೇಕಾಗಿ ಬಂದದ್ದನ್ನು ನಾನು ಕೇಳಿಲ್ಲ.

ಎರಡನೆಯದಾಗಿ, ತಾವು ಸಂಖ್ಯೆ ಹೆಚ್ಚಿಸುವ ರೀತಿಗೆ ಅಡ್ಡಬಿದ್ದೆ. ಬಜೆಟ್ಟಿನಲ್ಲಿ ಹೊಸ ಹಾಸ್ಟೆಲ್ ಘೋಷಣೆಯಾಗುತ್ತದೆ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಅನುಮೋದನೆ, ಜಾಗದ ತಕರಾರು, ಗುದ್ದಲಿ ಪೂಜೆ, ಮತ್ತೊಂದು ಸರ್ಕಾರ, ಮತ್ತೊಂದು ಗುದ್ದಲಿ ಪೂಜೆ. ಕಟ್ಟಡ ಏಳುವ ತನಕ ಬಾಡಿಗೆ ಮನೆ. ಇಲ್ಲಿ ತಮ್ಮ ಜಾಣ್ಮೆಯನ್ನು ಅರ್ಥಶಾಸ್ತ್ರದ ಮೇಷ್ಟ್ರುಗಳೂ ಗಮನಿಸಿದಂತಿಲ್ಲ. ಊರಲ್ಲಿ ಬಾಡಿಗೆಗೆ ಸಿಗುವ ಮನೆಗಳು ಇರುವುದೇ ಇಷ್ಟು. ಅದರಲ್ಲಿ ದೊಡ್ಡ ಮೂರಂತಸ್ತಿನ ಮನೆಯನ್ನು ತಾವು ಹಾಸ್ಟೆಲಿಗೆಂದು ಹಿಡಿಯುತ್ತೀರಿ. ಅಲ್ಲಿ ಮೊದಲಿದ್ದ ಸಂಸಾರಗಳೂ ಹುಡುಗರೂ ಬೀದಿಗೆ ಬಂದು ಬೇರೆ ಮನೆ ಹುಡುಕುತ್ತಾರೆ. ಹಾಸ್ಟೆಲ್ ಒಂದು ಹೆಚ್ಚಿತು ಎಂದು ಬೆಂಗಳೂರಿನ ಕಡತದಲ್ಲಿ ಬರೆಯುತ್ತಾರೆ. ಬಾಡಿಗೆ ಹೆಚ್ಚಿತು ಎಂದು ನಾನು ನನ್ನ ಡೈರಿಯಲ್ಲಿ ಬರೆಯುತ್ತೇನೆ. ಇಬ್ಬರ ಲೆಕ್ಕವೂ ಸರಿ.

ಬಾಡಿಗೆ ಮನೆಯೂ ಸಿಗದ ವರ್ಷ ತಾವು ಇನ್ನೂ ಸುಲಭದ ದಾರಿ ಹಿಡಿಯುತ್ತೀರಿ: ಇರುವ ಹಾಸ್ಟೆಲಿನ ಮಂಜೂರಾತಿ ಸಂಖ್ಯೆಯನ್ನೇ ಹೆಚ್ಚಿಸಿ ಆದೇಶ ಹೊರಡಿಸುತ್ತೀರಿ. ಸಂಖ್ಯೆ ಬೆಳೆಯುತ್ತದೆ, ಗೋಡೆ ಬೆಳೆಯುವುದಿಲ್ಲ. ಪಾಯಿಖಾನೆಯಂತೂ ಆದೇಶ ಓದಿಯೇ ಇರುವುದಿಲ್ಲ. ಒಂದು ಮಂಚದಲ್ಲಿ ಇಬ್ಬರು, ಮಂಚದ ಕೆಳಗೆ ಸೀಟು ಸಿಗದ ಅವರ ಗೆಳೆಯ ಒಬ್ಬ. ಆ ಮೂರನೆಯವನಿಗೆ ಪರೀಕ್ಷೆ ಹತ್ತಿರ ಬಂದಾಗ ಓದಲು ಜಾಗ ಬೇಕಾಗುತ್ತದೆ. ಆಗ ಅವನೂ ನನ್ನ ಹತ್ತಿರವೇ ಬರುತ್ತಾನೆ.

ವಿದ್ಯಾಸಿರಿಯ ಉಪಕಾರವನ್ನು ಹೇಗೆ ಮರೆಯಲಿ? 2013ರಲ್ಲಿ ತಂದಾಗ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗರಿಗೆ ಊಟ, ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಅಂದರೆ ದಿನಕ್ಕೆ ಐವತ್ತು. ಅದರಲ್ಲಿ ಎರಡು ಹೊತ್ತು ಉಂಡು, ಒಂದು ರೂಮಿನಲ್ಲಿ ಮಲಗಿ, ಉಳಿದದ್ದರಲ್ಲಿ ಜ್ಞಾನ ಸಂಪಾದನೆ. ದುಡ್ಡು ನೇರ ಖಾತೆಗೆ ಬರುತ್ತದೆ ಎಂಬುದು ನಿಜ. ಯಾವ ಸೆಮಿಸ್ಟರಿನದು ಯಾವ ಸೆಮಿಸ್ಟರಿಗೆ ಬರುತ್ತದೆ ಎಂಬುದನ್ನು ಹುಡುಗರು ನನಗೆ ತಿಳಿಸುವಾಗ ಮುಖ ನೋಡಬೇಕು. ಬಂದ ದಿನ ಮಾತ್ರ ಮೊದಲು ನನ್ನ ಬಾಕಿ ತೀರಿಸುತ್ತಾರೆ, ಪಾಪ. ಹೀಗೆ ಸರ್ಕಾರದ ದುಡ್ಡು ನನ್ನ ಶೀಟಿನ ಕೆಳಗೆ ಬಂದು ಸೇರುತ್ತದೆ. ಹೊಸ ಮಂಚ ಒಂದೂ ಹುಟ್ಟುವುದಿಲ್ಲ. ಅದಕ್ಕೇ ಈ ಯೋಜನೆ ನನಗೆ ಬಹಳ ಇಷ್ಟ.

ಒಂದು ಸಣ್ಣ ತಕರಾರು ಇದೆ, ಹೇಳಲೇಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ ‘ಶಕ್ತಿ’ ಯೋಜನೆ ಬಂತು. ಹೆಣ್ಣುಮಕ್ಕಳಿಗೆಂದು ಇಟ್ಟಿದ್ದ ನನ್ನ ಎರಡು ರೂಮಿಗೆ ಆ ವರ್ಷ ತಂದೆ-ತಾಯಿಗಳು ಬರುವುದು ಕಡಿಮೆಯಾಯಿತು. “ಬಸ್ಸು ಫ್ರೀ ಐತಲ್ಲಣ್ಣ, ದಿನಾ ಹೋಗಿ ಬತ್ತಾಳೆ” ಅಂದರು. ಈಗ ಬೆಳಗ್ಗೆ ಹೆದ್ದಾರಿಯಲ್ಲಿ ನಿಂತರೆ ಕಲ್ಯಾಣ ಕರ್ನಾಟಕ ಸಾರಿಗೆಯ ಹಾಸ್ಟೆಲು ಓಡುವುದು ಕಾಣುತ್ತದೆ. ಫುಟ್‌ಬೋರ್ಡಿನ ಮೇಲೆ ಮೂವರು, ಒಳಗೆ ಕಂಬಿಗೆ ಒರಗಿ ನಿಂತೇ ನೋಟ್ಸು ಓದುವ ಹುಡುಗಿ, ಕೈಯಲ್ಲಿ ಶೂನ್ಯ ಮೌಲ್ಯದ ಟಿಕೆಟು. ತುಂಬಿದ ಬಸ್ಸು ನಿಲ್ಲಿಸದೆ ಹೋದರೆ ಆ ದಿನ ಮೊದಲ ಪೀರಿಯಡ್ ಇಲ್ಲ. ಸಂಜೆ ಮನೆ ಸೇರುವಷ್ಟರಲ್ಲಿ ಓದಲು ಕಣ್ಣಿಲ್ಲ. ಹಾಗಂತ ಬಸ್ಸು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದಿಲ್ಲದಿದ್ದರೆ ಎಷ್ಟೋ ಹುಡುಗಿಯರ ಓದು ಪಿಯುಸಿಗೇ ನಿಲ್ಲುತ್ತಿತ್ತು.

ಆದರೆ ಲೆಕ್ಕ ನೋಡಿ ಮೆಚ್ಚಿದೆ. ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಯ ಹಣದಲ್ಲಿ 2023-24ರಲ್ಲಿ ಸುಮಾರು 11,000 ಕೋಟಿ, ಮರುವರ್ಷ 14,000 ಕೋಟಿಗೂ ಮಿಗಿಲು ಶಕ್ತಿಯಂಥ ಗ್ಯಾರಂಟಿ ಯೋಜನೆಗಳಿಗೆ ತೋರಿಸಿದಿರಿ. ಆ ಸಮುದಾಯದವರೂ ಫಲಾನುಭವಿಗಳೇ ಅಲ್ಲವೇ ಎಂಬುದು ತಮ್ಮ ಸಮಜಾಯಿಷಿ. ಹಾಸ್ಟೆಲು ಕಟ್ಟಬಹುದಾಗಿದ್ದ ದುಡ್ಡಿನಿಂದಲೇ ಹಾಸ್ಟೆಲು ಇಲ್ಲದ ಹುಡುಗಿಗೆ ಬಸ್ಸು ಹತ್ತಿಸುವುದು ಅಷ್ಟು ಸುಲಭದ ಕಸುಬಲ್ಲ.

ಕಲ್ಯಾಣ ಕರ್ನಾಟಕದ ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಸಿಕ್ಕಿದೆ. ಅದರಿಂದ ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲೂ ನಮ್ಮ ಮಕ್ಕಳಿಗೆ ಶೇ. 8 ಸೀಟು. ಹೊಸಹಳ್ಳಿಯ ಹುಡುಗ ಇಂಜಿನಿಯರಿಂಗ್ ಸೀಟು ಹಿಡಿದು ಬೆಂಗಳೂರಿಗೆ ಇಳಿದರೆ ಸೀಟಿನ ಜೊತೆ ಮಂಚ ಬರುವುದಿಲ್ಲವೆಂದು ಮೆಜೆಸ್ಟಿಕ್ಕಿನಲ್ಲಿ ತಿಳಿಯುತ್ತದೆ. ಪಿಜಿಯವರು ಕೇಳುವ ಬಾಡಿಗೆ ಕೇಳಿ ಅವನಪ್ಪ ಹುಣಸೆ ಮರಗಳ ಗುತ್ತಿಗೆಯ ದುಡ್ಡನ್ನು ಮನಸ್ಸಿನಲ್ಲೇ ಎಣಿಸುತ್ತಾನೆ. ನಮ್ಮದೇ ಜಿಲ್ಲೆಯ ಹರಪನಹಳ್ಳಿಯವರ ಕಥೆ ಬೇರೆ. 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋದರು. ಕೂತಲ್ಲೇ ಜಿಲ್ಲೆ ಬದಲಾಯಿಸಿದ ಜನಕ್ಕೆ ವಸತಿಯ ಚಿಂತೆ ಯಾಕೆ ಎಂದು ತಾವು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ನನ್ನ ವ್ಯಾಪಾರಕ್ಕೆ ನಿಜವಾದ ಅಡ್ಡಗಾಲು ತಮ್ಮದಲ್ಲ, ಮಠಗಳದ್ದು. ಹಿಂದೆ ಬಡ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದೂ ಎಲ್ಲ ಜಾತಿಯವರಿಗೆ ತೆರೆದ ಬಾಗಿಲಾಗಿರಲಿಲ್ಲ. ಆಮೇಲೆ ಸಿದ್ಧಗಂಗೆಯಂಥ ಕಡೆ ಸಾವಿರಗಟ್ಟಲೆ ಹುಡುಗರಿಗೆ ದಾಸೋಹ, ಚಾಪೆ, ಪಾಠ. ಪಕ್ಕದ ಕೊಪ್ಪಳದ ಗವಿಮಠದಲ್ಲಿ 2022ರ ಜೂನ್‌ನಲ್ಲಿ 5,000 ವಿದ್ಯಾರ್ಥಿಗಳ ಉಚಿತ ಹಾಸ್ಟೆಲಿಗೆ ಅಡಿಗಲ್ಲು ಹಾಕುವ ದಿನ ಸ್ವಾಮೀಜಿ ಮಕ್ಕಳ ಬಗ್ಗೆ ಮಾತಾಡುತ್ತ ವೇದಿಕೆಯ ಮೇಲೆಯೇ ಅತ್ತುಬಿಟ್ಟರು. ಟಿವಿಯಲ್ಲಿ ನೋಡಿ ನಮ್ಮ ಮನೆಯವಳೂ ಅತ್ತಳು. ನಾನು ಅಳಲಿಲ್ಲ, ಐದು ಸಾವಿರವನ್ನು ಆರು ರೂಮಿನಿಂದ ಭಾಗಿಸುತ್ತಿದ್ದೆ. ಆಮೇಲೆ ಸಮಾಧಾನವಾಯಿತು: ಹಾಸ್ಟೆಲು ಕಟ್ಟಲು ಸ್ವಾಮಿಗಳು ಕಣ್ಣೀರು ಹಾಕಬೇಕಾದ ಸೀಮೆಯಲ್ಲಿ ನನ್ನಂಥವನಿಗೆ ಇನ್ನೂ ಬಹಳ ಕಾಲ ಅನ್ನವಿದೆ.

ತೆರಿಗೆಯ ವಿಷಯ ಒಂದಿಷ್ಟು. 2023ರ ಜುಲೈನಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಹಾಸ್ಟೆಲು, ಪಿಜಿಗಳು ‘ವಾಸದ ಮನೆ’ಯಲ್ಲ, ಅವುಗಳ ಬಾಡಿಗೆಗೆ ಶೇ. 12 ಜಿಎಸ್‌ಟಿ ಎಂದಿತು. ನನ್ನ ರೂಮು ವಾಸಕ್ಕೆ ಯೋಗ್ಯವಲ್ಲ ಎಂದು ಹುಡುಗರು ಮೊದಲೇ ಹೇಳುತ್ತಿದ್ದರು. ಸರ್ಕಾರವೂ ಒಪ್ಪಿದ್ದು ಕೇಳಿ ಮುಖಭಂಗವಾಯಿತು. ಮರುವರ್ಷ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ 20,000 ರೂಪಾಯಿವರೆಗಿನ ಬಾಡಿಗೆಗೆ, 90 ದಿನ ಬಿಡದೆ ಇದ್ದರೆ, ವಿನಾಯಿತಿ ಕೊಟ್ಟಿತು. ಇಪ್ಪತ್ತು ಸಾವಿರ! ಆ ಅಂಕಿ ನೋಡಿದ ಮೇಲೆ ನಾನು ಎಷ್ಟು ಹಿಂದುಳಿದವನು ಎಂದು ಗೊತ್ತಾಯಿತು. ಬೆಂಗಳೂರಿನಲ್ಲಿರುವ ನನ್ನ ಅಳಿಯ ಇನ್ನೊಂದು ಹೇಳಿದ: ಆಂಸ್ಟರ್‌ಡ್ಯಾಮಿನಲ್ಲಿ 2005-06ರಲ್ಲಿ ಹಡಗಿನ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿ ಸಾವಿರ ವಿದ್ಯಾರ್ಥಿಗಳಿಗೆ ಮನೆ ಮಾಡಿದರಂತೆ. “ಹಂಗಾದ್ರೆ ನಮ್ದೂ ಆಂಸ್ಟರ್‌ಡ್ಯಾಮೇ ಬಿಡೋ” ಅಂದೆ. ಅಲ್ಲಿ ಒಂದೊಂದು ಕಂಟೇನರಿಗೂ ಸ್ವಂತ ಬಚ್ಚಲು, ಸ್ವಂತ ಅಡುಗೆಮನೆ ಇತ್ತು ಎಂದ. ನಾನು ಮಾತು ಬದಲಿಸಿದೆ.

ಇನ್ನೊಂದು ಮಾತಿದೆ, ಅದನ್ನು ನಗುತ್ತ ಹೇಳಲು ಆಗುವುದಿಲ್ಲ. 2002ರ ನಂಜುಂಡಪ್ಪ ಸಮಿತಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿಯೂ ಇತ್ತು. ಮಳೆ ಹೋದ ವರ್ಷ ನಮ್ಮ ಜನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಮನೆಗೆ ಬೀಗ. ಓದುವ ಮಗನನ್ನು ಬಿಟ್ಟುಹೋಗಲು ಅಜ್ಜಿಯೂ ಇಲ್ಲದ ಮನೆಯವರು ಹಾಸ್ಟೆಲಿನ ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ. ಪಟ್ಟಿ ಬರುವುದರೊಳಗೆ ಮೇಸ್ತ್ರಿಯ ಲಾರಿ ಬಂದಿರುತ್ತದೆ. ನನ್ನ ಅಡ್ವಾನ್ಸ್ ಕೊಡಲಾಗದ ಹುಡುಗ ಆ ಲಾರಿ ಹತ್ತುತ್ತಾನೆ, ಮತ್ತು ಅವನು ತಮ್ಮ ಯಾವ ಅಂಕಿ-ಅಂಶದಲ್ಲೂ ಸಿಗುವುದಿಲ್ಲ. ಅರ್ಜಿ ತಿರಸ್ಕೃತವಾದವನೆಂದೂ ಇಲ್ಲ, ಕಾಲೇಜು ಬಿಟ್ಟವನೆಂದೂ ಇಲ್ಲ. ಹಾಜರಾತಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರು ಎಂದಿರುತ್ತದೆ, ಅಷ್ಟೇ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದಿಷ್ಟು. ಬೇಕಾದಷ್ಟು ಗುದ್ದಲಿ ಪೂಜೆ ಮಾಡಿ, ಬೇಕಾದಷ್ಟು ಹೊಸ ಹಾಸ್ಟೆಲು ಘೋಷಿಸಿ, ನಾನು ಚಪ್ಪಾಳೆ ತಟ್ಟುತ್ತೇನೆ. ಆದರೆ ಯಾರಾದರೂ ಅತಿಬುದ್ಧಿವಂತ ಅಧಿಕಾರಿ ಬಂದು, ‘ಆಯ್ಕೆ ಪಟ್ಟಿಯನ್ನು ಕಾಲೇಜು ಶುರುವಾಗುವ ಮೊದಲೇ ಪ್ರಕಟಿಸೋಣ, ಪಟ್ಟಿ ಬರುವ ತನಕ ಬಂದ ಮಕ್ಕಳನ್ನೆಲ್ಲ ಹಾಸ್ಟೆಲಿನ ಹಾಲಿನಲ್ಲಾದರೂ ಮಲಗಿಸೋಣ’ ಎಂದು ಕಡತ ಮಂಡಿಸಿದರೆ ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೆಚ್ಚಿನ ದುಡ್ಡೂ ಬೇಕಿಲ್ಲ. ಅದು ಜಾರಿಯಾದರೆ ಬರುವ ಜೂನಿನಲ್ಲಿ ನನ್ನ ಆರೂ ರೂಮಿಗೆ ಬಾಡಿಗೆದಾರರು ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಶೀಟಿನ ರೂಮಿನ ಮಾಲೀಕ,
ಹೊಸಹಳ್ಳಿ