ಸೀಟಿಗೊಂದು ಸೀಟು

ದೇವನಹಳ್ಳಿಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಹೊರಬಾಗಿಲಲ್ಲಿ ಬೆಳಗಿನ ಜಾವ ನಿಂತರೆ, ಯಾರು ಎಲ್ಲಿಂದ ಬಂದರು ಎಂಬುದನ್ನು ಟ್ರಾಲಿಯೇ ಹೇಳಿಬಿಡುತ್ತದೆ. ದುಬೈಯವರ ಟ್ರಾಲಿಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಸಿಂಗಪುರದವರದ್ದರಲ್ಲಿ ಡ್ಯೂಟಿ ಫ್ರೀ ಚೀಲ. ಅಮೆರಿಕದಿಂದ ಮಗುವಿನ ಜೊತೆ ಬಂದವರ ಟ್ರಾಲಿಯಲ್ಲಿ ಮಾತ್ರ, ಸೂಟ್‌ಕೇಸುಗಳ ನೆತ್ತಿಯ ಮೇಲೆ, ಅಂಬಾರಿಯಂತೆ ಒಂದು ಕಾರ್ ಸೀಟು. ಅಂಬಾರಿ ಖಾಲಿ. ಅದರಲ್ಲಿ ಕೂರಬೇಕಾದ ದೇವರು ಆಗಲೇ ಅಜ್ಜಿಯ ಸೊಂಟ ಏರಿರುತ್ತದೆ.

ಈ ಆಸನದ ಪ್ರತಾಪ ನಮ್ಮ ಅಜ್ಜಿಯರಿಗೆ ಮೊದಲು ತಿಳಿಯುವುದು ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ. ಮೆಂತ್ಯದ ಹಿಟ್ಟು, ಒಣಶುಂಠಿ, ಮೆತ್ತಗಾದ ಹಳೇ ಪಂಚೆಯ ತುಂಡು ಎಲ್ಲವನ್ನೂ ಕಟ್ಟಿಕೊಂಡು ಹೋದ ಅಜ್ಜಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಮನೆಗೆ ತರಲು ಸಜ್ಜಾಗಿ ನಿಂತಿರುತ್ತಾರೆ. ನರ್ಸಮ್ಮ ಕೇಳುವ ಮೊದಲ ಮಾತು, 'ಕಾರ್ ಸೀಟ್ ಎಲ್ಲಿ?' ಅದಿಲ್ಲದೆ ಕೂಸನ್ನು ಕಳಿಸಿಕೊಡಲು ಅಲ್ಲಿನ ಆಸ್ಪತ್ರೆಗಳು ಹಿಂದೆಮುಂದೆ ನೋಡುತ್ತವೆ. ಅಮೆರಿಕದಲ್ಲಿ ಮಕ್ಕಳಿಗೆ ಕಾರ್ ಸೀಟು ಬೇಕೇಬೇಕೆಂಬ ಕಾನೂನನ್ನು ಮೊದಲು ಜಾರಿಗೆ ತಂದದ್ದು ಟೆನೆಸಿ ರಾಜ್ಯ, 1978ರಲ್ಲಿ. 1985ರ ಹೊತ್ತಿಗೆ ಉಳಿದ ರಾಜ್ಯಗಳೆಲ್ಲ ಅದರ ಹಿಂದೆ ಬಂದವು. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ತುಂಬುವ ತನಕ ಮಗು ಸಾಮಾನ್ಯವಾಗಿ ಕಾರಿನ ಹಿಂಭಾಗಕ್ಕೆ ಮುಖ ಮಾಡಿಯೇ ಕೂರಬೇಕು. ಎಂಟು ತುಂಬುವ ತನಕ ಕಾರ್ ಸೀಟೋ ಬೂಸ್ಟರೋ ಇರಲೇಬೇಕು. ಸೀಟು ಸರಿಯಾಗಿ ಬಿಗಿದಿದೆಯೇ ಎಂದು ನೋಡಿ ಹೇಳುವ ಕೆಲಸವನ್ನು ಅಲ್ಲಿನ ಹೆದ್ದಾರಿ ಪೊಲೀಸರೇ ಮಾಡಿಕೊಡುತ್ತಾರೆ. ಬೆಂಗಳೂರಿನಲ್ಲಿ ಪೊಲೀಸರನ್ನು ದೂರದಿಂದ ಕಂಡರೆ ಅಡ್ಡರಸ್ತೆಗೆ ತಿರುಗುತ್ತಿದ್ದ ಅಳಿಯ, ಅಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ಕಾರು ನಿಲ್ಲಿಸುವುದನ್ನು ಕಂಡು ಮಾವನವರು ಬೆರಗಾಗುತ್ತಾರೆ. ಸೀಟಿಗೂ ಕೊನೆಯ ದಿನಾಂಕ ಉಂಟೆಂದು ಕೇಳಿ, ಕನ್ನಡಕ ಏರಿಸಿ, ಅದರ ಬೆನ್ನ ಮೇಲಿನ ಅಚ್ಚನ್ನು ಓದಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಕೂಸು ಕತ್ತು ನಿಲ್ಲಿಸಿ, ಅಂಬೆಗಾಲಿಟ್ಟು, ಗೋಡೆ ಹಿಡಿದು ನಡೆಯುವ ಹೊತ್ತಿಗೆ ಊರಿನಿಂದ ಕರೆ ಬರುತ್ತದೆ. ಮನೆದೇವರಿಗೆ ಮುಡಿ ಕೊಡಬೇಕು, ಮುತ್ತಜ್ಜಿಗೆ ತೋರಿಸಬೇಕು. ಆಗ ಶುರುವಾಗುತ್ತದೆ ಟಿಕೆಟ್ಟಿನ ಲೆಕ್ಕ.

ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತು ಹಾರಬಹುದು. ದೂರದ ವಿಮಾನಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು. ಮಗುವಿಗೆಂದೇ ಸೀಟು ತೆಗೆದರೆ ಎಷ್ಟೋ ಕಡೆ ಶೇ 75ರ ಸುಮಾರು. ಕಾರ್ ಸೀಟನ್ನು ವಿಮಾನದೊಳಗೆ ಬಳಸಬೇಕೆಂದರೆ ಮಗುವಿನ ಹೆಸರಲ್ಲಿ ಒಂದು ಟಿಕೆಟ್ ತೆಗೆದು, ಸೀಟಿಗೊಂದು ಸೀಟು ಕೊಡಿಸಬೇಕು. ಹೆಚ್ಚಿನ ಸಂಸಾರಗಳಲ್ಲಿ ಚರ್ಚೆ ಇಲ್ಲಿಗೇ ಮುಗಿಯುತ್ತದೆ: ಮಗು ತೊಡೆಯ ಮೇಲೆ, ಕಾರ್ ಸೀಟು ವಿಮಾನದ ಹೊಟ್ಟೆಯಲ್ಲಿ. ಪ್ರವಾಸದ ನಡುವೆ ಎರಡು ತುಂಬಿದರೆ ವಾಪಸಿಗೆ ಬೇರೆ ಸೀಟು ಕಡ್ಡಾಯ. ಹಾಗಾಗಿ ಊರಿಗೆ ಹೋಗಿಬರುವ ಮುಹೂರ್ತವನ್ನು ಪುರೋಹಿತರಿಗಿಂತ ಮೊದಲು ಮಗುವಿನ ಎರಡನೇ ಹುಟ್ಟುಹಬ್ಬ ಗೊತ್ತುಮಾಡಿರುತ್ತದೆ.

ಧೈರ್ಯ ಮಾಡಿ ಸೀಟು ಕೊಂಡವರ ಕಷ್ಟ ಬೇರೆ. ಮೊದಲು ಚೀಟಿ ಹುಡುಕಬೇಕು. ಅಮೆರಿಕದ ಸೀಟುಗಳಲ್ಲಿ, ಇದು ಮೋಟಾರು ವಾಹನಕ್ಕೂ ವಿಮಾನಕ್ಕೂ ಆಗುತ್ತದೆ ಎಂದು ಕೆಂಪಕ್ಷರದಲ್ಲಿ ಬರೆದಿರಬೇಕು. ಅಗಲ 16 ಅಂಗುಲದೊಳಗಿದ್ದರೆ ಹೆಚ್ಚಿನ ವಿಮಾನಗಳಲ್ಲಿ ಹಿಡಿಸುತ್ತದೆ. ಹಗುರದ್ದು ನಾಲ್ಕೈದು ಕಿಲೋ, ದಪ್ಪನೆಯದು ಹನ್ನೆರಡರ ಮೇಲೆ; ಅದನ್ನು ತಲೆಯ ಮೇಲೆತ್ತಿ ಇಕ್ಕಟ್ಟಿನ ದಾರಿಯಲ್ಲಿ ನಡೆದು ಬರುವ ಅಪ್ಪನಿಗೆ ಕೂತವರೆಲ್ಲ ಕತ್ತು ಬಗ್ಗಿಸಿ ದಾರಿ ಬಿಡುತ್ತಾರೆ. ಜಾಗ ಸಾಮಾನ್ಯವಾಗಿ ಕಿಟಕಿಯ ಪಕ್ಕ, ಅವಸರ ಬಂದರೆ ಯಾರ ದಾರಿಗೂ ಅಡ್ಡವಾಗದಂತೆ. ತುರ್ತು ಬಾಗಿಲಿನ ಸಾಲಿನಲ್ಲಂತೂ ಕೂಡದು. ಹಿಂದಕ್ಕೆ ಮುಖ ಮಾಡಿ ಕಟ್ಟಿದರೆ ಮುಂದಿನವರು ಒರಗುವ ಆಸೆ ಬಿಡಬೇಕು. ಮುಂದಕ್ಕೆ ಮುಖ ಮಾಡಿದರೆ ಮಗುವಿನ ಕಾಲು ಅವರ ಬೆನ್ನಿನ ಹಿಂದೆ ತಾಳ ಹಾಕುತ್ತದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿ ಸುಮಾರು 14 ಸಾವಿರ ಕಿಲೋಮೀಟರ್. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ನೇರ ವಿಮಾನವನ್ನು 2021ರ ಜನವರಿಯಲ್ಲಿ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದು ದೇವನಹಳ್ಳಿಯಲ್ಲಿ ಇಳಿಸಿದವರು ಮಹಿಳಾ ಪೈಲಟ್‌ಗಳು. ಅಷ್ಟು ದೂರವೂ ತಾಳ ತಪ್ಪದಂತೆ ಹಾಕುವ ಶಕ್ತಿ ಒಂದೂವರೆ ವರ್ಷದ ಕಾಲಿಗೆ ಉಂಟು.

ಸೀಟು ಹೊರಲಾರದವರಿಗೆ ವಿಮಾನದ ಬೆಲ್ಟಿಗೇ ಸಿಕ್ಕಿಸಿಕೊಳ್ಳುವ 'ಕೇರ್ಸ್' ಎಂಬ ಪಟ್ಟಿಯೊಂದಿದೆ. ಹತ್ತರಿಂದ ಇಪ್ಪತ್ತು ಕಿಲೋ ತೂಕದ, ಒಂದು ಮೀಟರ್ ಎತ್ತರದೊಳಗಿನ ಮಕ್ಕಳಿಗೆ ಅದು. ಇನ್ನೂ ಚಿಕ್ಕವಕ್ಕೆ ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು. ಈ ತೊಟ್ಟಿಲಿಗೂ ಬೆಲ್ಟಿನ ದೀಪಕ್ಕೂ ಏನೋ ಹಳೇ ದ್ವೇಷವಿರಬೇಕು. ಕೂಸಿಗೆ ಜೋಂಪು ಹತ್ತಿತು ಎನ್ನುವಷ್ಟರಲ್ಲಿ ವಿಮಾನ ಕುಲುಕಿ ದೀಪ ಹೊತ್ತಿಕೊಳ್ಳುತ್ತದೆ, ಕೂಸನ್ನು ಎತ್ತಿಕೊಳ್ಳಿ ಎಂದು ಗಗನಸಖಿ ಬಂದು ನಿಲ್ಲುತ್ತಾರೆ. ನಮ್ಮ ವಿಮಾನಗಳಲ್ಲಿ ತೊಡೆಯ ಕೂಸಿಗೆಂದು ಅಮ್ಮನ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟು ಕೊಡುತ್ತಾರೆ. ಅದೇ ಪುಟ್ಟ ಬೆಲ್ಟನ್ನು ಏರುವಾಗ, ಇಳಿಯುವಾಗ ಬಳಸುವುದು ಅಮೆರಿಕದ ವಿಮಾನಗಳಲ್ಲಿ ನಿಷಿದ್ಧ. ಕೂಸು ಒಂದೇ, ತೊಡೆ ಒಂದೇ. ನಡುವೆ ವಿಮಾನ ಬದಲಾದರೆ ಶಾಸ್ತ್ರ ಬದಲು.

ತೊಡೆಯ ಮಾತು ಬರೀ ನಗೆಯಲ್ಲ. 1989ರ ಜುಲೈ 19ರಂದು ಯುನೈಟೆಡ್ ಸಂಸ್ಥೆಯ 232ನೇ ಸಂಖ್ಯೆಯ ವಿಮಾನ ಅಯೋವಾದ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿದಾಗ, ತೊಡೆಯ ಮೇಲೆ ಬಂದಿದ್ದ ಮಕ್ಕಳು ನಾಲ್ವರು. ಅಂದಿನ ಕ್ರಮದಂತೆ ಅವರನ್ನು ನೆಲದ ಮೇಲೆ ಕೂರಿಸಿ ಹಿಡಿದುಕೊಳ್ಳಲು ಹೇಳಲಾಗಿತ್ತು. ಒಂದು ಮಗು ಉಳಿಯಲಿಲ್ಲ. ಆ ವಿಮಾನದ ಮುಖ್ಯ ಗಗನಸಖಿ ಜಾನ್ ಬ್ರೌನ್, ಮಕ್ಕಳಿಗೂ ಅವರದೇ ಸೀಟು ಕಡ್ಡಾಯವಾಗಲಿ ಎಂದು ಆಮೇಲೆ ದಶಕಗಳ ಕಾಲ ಹೋರಾಡಿದರು. ಅಪಘಾತಗಳ ತನಿಖೆ ಮಾಡುವ ಮಂಡಳಿಯೂ ಅದನ್ನೇ ಹೇಳುತ್ತ ಬಂದಿದೆ. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಪಕ್ಕದ ಗೋಡೆಯ ತುಂಡೊಂದು ಆಕಾಶದಲ್ಲೇ ಕಿತ್ತುಹೋದಾಗಲೂ ಒಳಗೆ ತೊಡೆಯ ಮೇಲೆ ಹಸುಗೂಸುಗಳಿದ್ದವು. ಕಿಂಡಿಯ ಪಕ್ಕದ ಸೀಟು ಪುಣ್ಯಕ್ಕೆ ಖಾಲಿಯಿತ್ತು.

ಆದರೂ ಅಮೆರಿಕದ ವಿಮಾನಯಾನ ಇಲಾಖೆ ಇದನ್ನು ಕಡ್ಡಾಯ ಮಾಡಿಲ್ಲ. ಮಾಡಿದರೆ ಒಳ್ಳೆಯದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. 2005ರಲ್ಲಿ ಅದು ಕೊಟ್ಟ ಕಾರಣ ಕೇಳುವಂತಿದೆ. ಕೂಸಿಗೂ ಟಿಕೆಟ್ ತೆಗೆಯಬೇಕೆಂದರೆ ಎಷ್ಟೋ ಸಂಸಾರಗಳು ವಿಮಾನ ಬಿಟ್ಟು ಕಾರು ಹತ್ತುತ್ತವೆ. ಆಕಾಶದಲ್ಲಿ ಉಳಿಯುವ ಜೀವಕ್ಕಿಂತ ರಸ್ತೆಯಲ್ಲಿ ಹೋಗುವ ಜೀವವೇ ಹೆಚ್ಚಾದೀತು. ಅಂದರೆ ಇಡೀ ಪ್ರಯಾಣದಲ್ಲಿ ಭಯಪಡಬೇಕಾದ ಭಾಗ ಯಾವುದೆಂದು ಆಕಾಶದ ಇಲಾಖೆಯೇ ಬೆರಳು ಮಾಡಿ ತೋರಿಸಿದಂತಾಯಿತು.

ಆ ಭಾಗ ಶುರುವಾಗುವುದು ದೇವನಹಳ್ಳಿಯಲ್ಲಿ. 2008ರ ಮೇ ತಿಂಗಳವರೆಗೆ ಬಂದವರು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿದು ಊರೊಳಗೇ ಇರುತ್ತಿದ್ದರು. ಈಗ ಚಕ್ಕೋತ, ದ್ರಾಕ್ಷಿಗೆ ಹೆಸರಾದ ಸೀಮೆಯಲ್ಲಿ ಇಳಿದು, 108 ಅಡಿಯ ಕೆಂಪೇಗೌಡರಿಗೆ ಕೈಮುಗಿದು, ಸಾದಹಳ್ಳಿಯ ಟೋಲ್ ದಾಟಿ, ಹೆಬ್ಬಾಳದವರೆಗೆ ಹೆದ್ದಾರಿಯ ಮೇಲೆ ಬರಬೇಕು. ಬೆಳಗಿನ ಜಾವ ಆ ರಸ್ತೆ ಖಾಲಿ. ಖಾಲಿ ರಸ್ತೆ ಕಂಡರೆ ಟ್ಯಾಕ್ಸಿಗಳ ವೇಗ ತಾನಾಗಿ ಏರುತ್ತದೆ.

ಟ್ಯಾಕ್ಸಿ ಹತ್ತುವಾಗ ಮಗಳು ಸೀಟನ್ನು ಹಿಂದೆ ಇಟ್ಟು ಬೆಲ್ಟಿಗಾಗಿ ಕೈಯಾಡಿಸುತ್ತಾಳೆ. ಸಿಗುವುದಿಲ್ಲ.

'ಬೆಲ್ಟು ಐತೆ ಮೇಡಂ, ಕವರ್ ಕೆಳಗೈತೆ. ಯಾರೂ ಹಾಕ್ಕಳಲ್ಲ ಅಂತ ಒಳಕ್ಕೆ ಹಾಕ್ಸಿದೀವಿ.'

ಅಜ್ಜ ಗಡಿಯಾರ ನೋಡುತ್ತಾರೆ. ಹಿಂದಿನ ಗಾಡಿ ಹಾರನ್ ಹೊಡೆಯುತ್ತದೆ. ಅಜ್ಜಿ ತೀರ್ಪು ಕೊಡುತ್ತಾರೆ: 'ಅದನ್ನ ಡಿಕ್ಕಿಗೆ ಹಾಕಪ್ಪಾ. ನಿನ್ನನ್ನ ವಾಣಿವಿಲಾಸ ಆಸ್ಪತ್ರೆಯಿಂದ ಆಟೋದಲ್ಲಿ ಇದೇ ತೊಡೆ ಮೇಲೆ ತಂದಿದ್ದು ಕಣೇ. ಏನಾಯ್ತು ಈಗ ನಿಂಗೆ?' ಈ ವಾದಕ್ಕೆ ಪ್ರಪಂಚದ ಯಾವ ಸುರಕ್ಷಾ ಮಂಡಳಿಯೂ ಉತ್ತರ ಕಂಡುಹಿಡಿದಿಲ್ಲ. ಹದಿನಾಲ್ಕು ಸಾವಿರ ಕಿಲೋಮೀಟರ್ ಸರಕಾಗಿ ಬಂದ ಸೀಟು, ಕಡೆಯ ಮೂವತ್ತೈದು ಕಿಲೋಮೀಟರನ್ನೂ ಸರಕಾಗಿಯೇ ಮುಗಿಸುತ್ತದೆ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಭದ್ರಪಡಿಸದೆ ಗಾಡಿ ಓಡಿಸಿದರೆ ಒಂದು ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿಯ ಅಪಘಾತದಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಕೆಲವು ವಾರ ಊರೆಲ್ಲ ಅದೇ ಮಾತು. ಆಮೇಲೆ ಸೀಟ್ ಕವರುಗಳು ಮತ್ತೆ ಬಂದವು.

ಮನೆ ತಲುಪಿದ ಮೇಲೆ ಸೀಟಿಗೆ ಉದ್ಯೋಗ ಸಿಗುತ್ತದೆ. ಹಾಲ್‌ನಲ್ಲಿಟ್ಟು, ಮಗುವನ್ನು ಬಿಗಿದು, ಓಡಿಹೋಗದಂತೆ ಮಾಡಿ ಮೊಸರನ್ನ ತಿನ್ನಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದು ಅಜ್ಜಿ ಒಪ್ಪಿಕೊಳ್ಳುತ್ತಾರೆ. ಪಕ್ಕದ ಮನೆಯವರು ಬಂದು ಬೆಲೆ ಕೇಳಿ, ಡಾಲರನ್ನು ರೂಪಾಯಿಗೆ ತಿರುಗಿಸಿ, ಅಷ್ಟಕ್ಕೆ ಒಂದು ಹಳೇ ಸ್ಕೂಟರೇ ಬರುತ್ತಿತ್ತಲ್ಲ ಎಂದು ಹೋಗುತ್ತಾರೆ. ವಾಪಸು ಹೊರಡುವ ದಿನ, ಸೀಟಿನ ಚೀಲದ ಸಂದುಗೊಂದುಗಳಲ್ಲಿ ಚಟ್ನಿಪುಡಿ, ಸಾರಿನಪುಡಿ, ಹಪ್ಪಳದ ಕಟ್ಟು ಕೂರುತ್ತವೆ. ಅನೇಕ ವಿಮಾನ ಸಂಸ್ಥೆಗಳು ಮಕ್ಕಳ ಕಾರ್ ಸೀಟಿಗೆ ಲಗೇಜಿನ ಶುಲ್ಕ ಹಾಕುವುದಿಲ್ಲ ಎಂಬ ಸೂಕ್ಷ್ಮವನ್ನು ಅಜ್ಜ ಮೊದಲ ವಾರದಲ್ಲೇ ತಿಳಿದುಕೊಂಡಿರುತ್ತಾರೆ.

ಹೀಗಾಗಿ, ಮಗಳನ್ನೋ ಸೊಸೆಯನ್ನೋ ಕರೆತರಲು ದೇವನಹಳ್ಳಿಗೆ ಹೊರಡುವವರಲ್ಲಿ ಒಂದೇ ಕೋರಿಕೆ. ಹಾರ, ಫ್ಲಾಸ್ಕಿನಲ್ಲಿ ಕಾಫಿ, ಕೂಸಿಗೆ ಟೋಪಿ ಎಲ್ಲ ಇರಲಿ. ಹಿಂದಿನ ರಾತ್ರಿಯೇ ಟ್ಯಾಕ್ಸಿಯವರಿಗೆ ಫೋನು ಮಾಡಿ, ಹಿಂದಿನ ಸೀಟಿನ ಬೆಲ್ಟುಗಳನ್ನು ಕವರಿನಿಂದ ಹೊರಗೆ ಎಳೆದಿಟ್ಟು ಬರಲು ಹೇಳಿ. ಸ್ವಂತ ಕಾರಾದರೆ ನೀವೇ ಎಳೆದಿಡಿ. ಹೊಸ ಕಾರಾಗಿದ್ದರೆ ಹಿಂದಿನ ಸೀಟಿನ ಸಂದಿಯಲ್ಲಿ ಕೈಯಾಡಿಸಿ ನೋಡಿ, ಮಕ್ಕಳ ಸೀಟು ಸಿಕ್ಕಿಸಲೆಂದೇ ಐಸೋಫಿಕ್ಸ್ ಕೊಂಡಿಗಳಿರಬಹುದು. ಕಾರ್ ಸೀಟನ್ನು ಕಟ್ಟಲು ಐದು ನಿಮಿಷ ಸಾಕು. ಅಷ್ಟು ಹೊತ್ತು ಅಜ್ಜಿಯನ್ನು ಮಾತಿನಲ್ಲಿ ತೊಡಗಿಸುವ ಹೊಣೆ ಅಜ್ಜನದು.