ಚಟ್ನಿಪುಡಿಗೂ ಒಂದು ನೋಂದಣಿ

ಅಕ್ಕಾ, ಶೇಂಗಾ ಹುರಿಯೋ ಘಮ ಬೇಲಿ ದಾಟಿ ಬಂತು ನೋಡ್ರಿ. ದಾವಣಗೆರೆ ಅಂಗಡಿಗೆ ಕಳಿಸೋ ಚಟ್ನಿಪುಡಿ ತಾನೆ? ಹಂಗಾದ್ರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಬಿಡ್ರಿ. ಮನೇಲಿ ಮಾಡೋ ರೊಟ್ಟಿ, ಪುಡಿಗೂ ಬೇಕಾ ಅಂತೀರಲ್ಲ, ಬೇಕು. ಮಾರೋಕೆ ನಿಂತ್ಮೇಲೆ ನಮ್ಮ ಅಡುಗೆಮನೇನೂ 2006ರ ಆಹಾರ ಸುರಕ್ಷತಾ ಕಾಯ್ದೆಯೊಳಗೆ ಬರ್ತದೆ. ಹೆದರಬೇಡ್ರಿ. ಸಣ್ಣೋರಿಗೆ ದೊಡ್ಡ ಲೈಸೆನ್ಸ್ ಹೊರೆ ಬೇಡ ಅಂತ 2011ರ ನಿಯಮದಲ್ಲೇ ಬೇರೆ ದಾರಿ ಮಾಡಿದ್ರು. ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಬರೀ ನೋಂದಣಿ, ಶುಲ್ಕ ವರ್ಷಕ್ಕೆ 100 ರೂಪಾಯಿ ಅಂತ ಇಟ್ರು. ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ 14 ಅಂಕಿ ನಂಬರು ಬರ್ತದೆ.

ನನ್ನ ಕೇಳಿದ್ರೆ ನಂಬರಿಗಿಂತ ತರಬೇತಿ ಮುಖ್ಯ. ಆಹಾರ ಸುರಕ್ಷತಾ ಪ್ರಾಧಿಕಾರದೋರು 2017ರಿಂದ ‘ಫೋಸ್ಟ್ಯಾಕ್’ ಅಂತ ತರಬೇತಿ ನಡೆಸ್ತಿದ್ದಾರೆ. ರುಚಿ ಯಾರೂ ನಿಮಗೆ ಕಲಿಸಬೇಕಾಗಿಲ್ಲ, ಅದು ನಿಮ್ಮ ಕೈಯಲ್ಲೇ ಇದೆ. ಕಲೀಬೇಕಾದ್ದು ಕೆಡದ ಹಾಗೆ ಕಾಯೋದು. ಪುಡಿ ಬಿಸಿ ಆರೋ ಮುಂಚೆ ಕವರಿಗೆ ತುಂಬಿ ಸೀಲ್ ಹಾಕಿದ್ರೆ ಒಳಗೆ ಬೆವರಿ, ಬೂಷ್ಟು ಹಿಡೀತದೆ. ಶೇಂಗಾ ಆರಿಸುವಾಗ ಮುಗ್ಗಿದ ಬೀಜ ಒಂದೂ ಉಳೀಬಾರದು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಲಿವರಿಗೆ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ಬಣ್ಣದ ಗೊಡವೆ ಬೇಡವೇ ಬೇಡ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರ ತಡೆ ಹಾಕಿತಲ್ಲ. ನಿಮ್ಮ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಕೆಂಪೇ ಸಾಕು.

ಇನ್ನು ಪೊಟ್ಟಣದ ಮೇಲಿನ ಚೀಟಿ. ಏನೇನು ಹಾಕಿದೆ, ತೂಕ ಎಷ್ಟು, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಸಸ್ಯಾಹಾರದ ಹಸಿರು ಚುಕ್ಕೆ, ನಿಮ್ಮ ನೋಂದಣಿ ನಂಬರು, ಎಲ್ಲ ಇರಲಿ. ಬಸವಾಪಟ್ಟಣದೊಳಗೆ ನಿಮ್ಮ ಕೈ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಆದ್ರೆ ದಾವಣಗೆರೆಯಲ್ಲಿ ಪೊಟ್ಟಣ ಬಿಚ್ಚೋ ತಾಯಿಗೆ ನಿಮ್ಮ ಗುರುತಿಲ್ಲ. ಅವಳ ಮಗೂಗೆ ಶೇಂಗಾ ಆಗಿಬರದೇ ಇದ್ರೆ? ‘ಶೇಂಗಾ ಇದೆ’ ಅಂತ ಬರೆದಿದ್ರೆ ಆ ಮಗು ಉಳೀತದೆ. ಎದುರಿಗೆ ಕೂತೋರಿಗೆ ಬಡಿಸುವಾಗ ಬಾಯಲ್ಲಿ ಹೇಳ್ತೀವಿ, ಕಾಣದೋರಿಗೆ ಬರೆದೇ ಹೇಳಬೇಕು. ಚೀಟಿಯ ನಿಯಮ ಇರೋದು ಅದಕ್ಕೇ ಅಕ್ಕಾ.

ನಮ್ಮ ಮಹಿಳಾ ಸಂಘದೋರೆಲ್ಲ ಸೇರಿ ದಾವಣಗೆರೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಕೊಡೋಣ, ತರಬೇತಿ ನಮ್ಮೂರಲ್ಲೇ ಮಾಡ್ರಿ ಅಂತ. ಬರೆಯೋ ಕೆಲಸ ನನಗಿರಲಿ, ಮೊದಲ ಸಹಿ ನಿಮ್ಮದು.