ಮಗನಿಗೆ ತಿಳ್ಕೋಬೇಕಂತೆ

ಮಾರ್ಚ್ ಬಂತೆಂದರೆ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಊರಿನವರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕುತ್ತದೆ. ವರ್ಷವಿಡೀ ‘ಹುಲ್ಲಿನ ಮೇಲೆ ಕಾಲಿಡಬೇಡಿ’ ಎಂದು ಬೋರ್ಡು ಹಾಕಿ ಗದರಿಸುವ ಕಾಲೇಜುಗಳ ಈ ಊರಿನಲ್ಲಿ, 1994ರಲ್ಲಿ ಶುರುವಾದ ವಿಜ್ಞಾನ ಹಬ್ಬದ ದೆಸೆಯಿಂದ ಮುಟ್ಟಿ, ಹಿಸುಕಿ, ಕಲಸಿ ಎಂಬ ಉಪಚಾರ. ಅದೂ ಹೆಚ್ಚಿನದೆಲ್ಲ ಬಿಟ್ಟಿ. ಬಿಟ್ಟಿ ಎಂದಮೇಲೆ ನಮ್ಮಂಥ ಕನ್ನಡದ ಸಂಸಾರಗಳು ಹಿಂದೆ ಬೀಳುವುದುಂಟೆ? ಚಿತ್ರಾನ್ನದ ಡಬ್ಬಿ ಸಮೇತ ಹೊರಟುಬಿಡುತ್ತೇವೆ.

ಮಕ್ಕಳಿಗೋಸ್ಕರ ಹೋಗುತ್ತೇವೆ ಅನ್ನುವುದು ಹೊರಗಿನ ಮಾತು. ಒಳಗಿನ ಮಾತೆಂದರೆ, ಜೊತೆಗೊಂದು ಮಗುವಿದ್ದರೆ ಎಂಥ ದಡ್ಡ ಪ್ರಶ್ನೆಯನ್ನೂ ಧೈರ್ಯವಾಗಿ ಕೇಳಬಹುದು. ಇಂಜಿನಿಯರಿಂಗ್ ಓದಿ, ತಲೆ ನರೆತ ನನ್ನ ಗಂಡ “ಆಕಾಶ ಯಾಕೆ ನೀಲಿ?” ಎಂದರೆ ಚೆನ್ನಾಗಿರುತ್ತದೆಯೇ? “ನಮ್ಮ ಮಗನಿಗೆ ತಿಳ್ಕೋಬೇಕಂತೆ” ಎಂದು ಪೀಠಿಕೆ ಹಾಕಿದರೆ ಸಾಕು, ಪಿಎಚ್‌ಡಿ ಮಾಡುತ್ತಿರುವ ಹುಡುಗಿ ಮಂಡಿಯೂರಿ ಕೂತು ವಿವರಿಸುತ್ತಾಳೆ. ಅಷ್ಟರಲ್ಲಿ ಮಗ ಸ್ಟಿಕರ್ ಹಂಚುವ ಮೇಜಿಗೆ ಓಡಿರುತ್ತಾನೆ. ತಲೆಯಾಡಿಸುವ ಕೆಲಸ ನಮ್ಮಿಬ್ಬರದು.

ಜನ ಮುತ್ತಿಕೊಳ್ಳುವುದು ಕಾರ್ನ್‌ಫ್ಲೋರ್ ಕಲಸಿಟ್ಟ ಬೋಗುಣಿಗೆ. ಗಕ್ಕನೆ ಹಿಸುಕಿದರೆ ಮುಷ್ಟಿಯಲ್ಲಿ ಗಟ್ಟಿ ಉಂಡೆ, ಬಿಟ್ಟರೆ ಬೆರಳ ಸಂದಿಯಿಂದ ಸೋರಿ ತೋಳು ದಾಟಿ ಸ್ವೆಟರಿಗೆ. ಮೆಲ್ಲಗೆ ಕೈಯಾಡಿಸಿದರೆ ಕಣಗಳು ಸರಿದು ದಾರಿ ಬಿಡುತ್ತವಂತೆ, ಅವಸರ ಮಾಡಿದರೆ ಒಂದಕ್ಕೊಂದು ಸಿಕ್ಕಿ ಬಿಗಿದುಕೊಳ್ಳುತ್ತವಂತೆ. ಥೇಟ್ ಸರ್ಕಾರಿ ಕಚೇರಿಯ ಹಾಗೆ. ದ್ರವಗಳ ಬಗ್ಗೆ ನ್ಯೂಟನ್ ಬರೆದಿಟ್ಟ ನಿಯಮಕ್ಕೆ ಇದು ಸೊಪ್ಪು ಹಾಕುವುದಿಲ್ಲ. ಅವನು ಪಾಠ ಹೇಳಿದ ಊರಲ್ಲೇ! ಇನ್ನು ಇಲ್ಲಿನ ಬೊಟಾನಿಕ್ ಗಾರ್ಡನ್ನಿನಲ್ಲಿ ಅವನ ಮನೆಯ ಸೇಬಿನ ತಳಿಯದೇ ಒಂದು ಮರವಿತ್ತು. 2022ರ ಫೆಬ್ರವರಿಯಲ್ಲಿ ಯೂನಿಸ್ ಬಿರುಗಾಳಿಗೆ ಅದು ಬುಡಮೇಲಾಯಿತು. ಹಣ್ಣು ಬಿದ್ದ ಕತೆ ಜನಕ್ಕೆ ಸಾಲದಾಯಿತೆಂದು ಮರವೇ ಬಿದ್ದು ತೋರಿಸಿತೋ ಏನೋ.

ತುಮಕೂರಿನಿಂದ ಬಂದಿದ್ದ ನಮ್ಮತ್ತೆ ಇದ್ಯಾವುದಕ್ಕೂ ಮರುಳಾಗಲಿಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಹೊಗೆಯಾಡುತ್ತಿದ್ದರೆ “ಶಾಲು ತರಬೇಕಿತ್ತು” ಅಂದರು, ಅಷ್ಟೆ. ಅವರು ನಿಂತಿದ್ದು ಸ್ಟ್ರಾಬೆರಿ ಮೇಜಿನ ಮುಂದೆ. ಹಣ್ಣು ಕಿವುಚಿ, ಪಾತ್ರೆ ತೊಳೆಯುವ ಸೋಪು, ಉಪ್ಪು ಹಾಕಿ, ಸೋಸಿ, ಮೇಲೆ ತಣ್ಣನೆಯ ಆಲ್ಕೋಹಾಲು ಬಿಟ್ಟರೆ ಬೆಳ್ಳಗೆ ಎಳೆಎಳೆಯಾಗಿ ಡಿಎನ್‌ಎ ತೇಲಿ ಬರುತ್ತದೆ. ಸೋಪು ಜೀವಕೋಶದ ಪೊರೆ ಒಡೆಯುತ್ತದೆ. ಆಲ್ಕೋಹಾಲಿನಲ್ಲಿ ಡಿಎನ್‌ಎ ಕರಗದು. ನಾವು ತಿನ್ನುವ ಸ್ಟ್ರಾಬೆರಿಯ ಕೋಶದಲ್ಲಿ ವರ್ಣತಂತುಗಳು ಎಂಟು ಕಂತೆ ಇರುವುದರಿಂದ ಮಾಲು ಧಾರಾಳ. “ಒಳ್ಳೇ ಹಣ್ಣು ಹಾಳು ಮಾಡಿದ್ರು” ಎಂದು ಗೊಣಗಿದ ಅತ್ತೆ, ಸ್ವಲ್ಪ ಹೊತ್ತು ಬಿಟ್ಟು ಮೊಮ್ಮಗನ ತೋಳು ತಿವಿದರು: “ಬಾಳೆಹಣ್ಣಲ್ಲೂ ಬರುತ್ತಾ ಕೇಳೋ. ನಿನಗೆ ತಿಳ್ಕೋಬೇಕು ಅನ್ನು.”

ಬರುತ್ತದಂತೆ. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ, ನೈವೇದ್ಯದ ಬಾಳೆಹಣ್ಣು ಬಟ್ಟಲಿಗೆ ಕಿವುಚುತ್ತ, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ನಮ್ಮತ್ತೆ ಮಗನನ್ನು ಕರೆದು ಕೇಳಿದರು: “ಎಲ್ಲೋ ಆಲ್ಕೋಹಾಲು? ಫ್ರಿಜ್ಜಿನಲ್ಲಿ ಇಟ್ಟಿದ್ದೀಯೋ ಇಲ್ಲವೋ?” ಗಂಡ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಈಗ ಮಗನಿಗೆ ಮೀಸೆ ಚಿಗುರುತ್ತಿದೆ. ವಿಜ್ಞಾನದ ಮೇಲೆ ಅವನಿಗೆ ಮುನಿಸಿಲ್ಲ, ನಮ್ಮ ಜೊತೆ ಬೀದಿಯಲ್ಲಿ ಕಾಣಿಸಿಕೊಳ್ಳುವುದಷ್ಟೇ ಆಗದು. ಹಬ್ಬದ ಪಟ್ಟಿ ಬಂದಿದೆ, ಅತ್ತೆ ಟಿಕೆಟ್ ಬುಕ್ ಮಾಡಿಸಿಕೊಂಡು ಕೂತಿದ್ದಾರೆ, ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಪಕ್ಕದ ಮನೆಯಲ್ಲಿ ನಾಲ್ಕು ವರ್ಷದ ಚುರುಕು ಹುಡುಗಿಯೊಬ್ಬಳಿದ್ದಾಳೆ. ಶನಿವಾರ ಅವಳಿಗೆ ಬಿಡುವಿದೆಯೇ ಎಂದು ವಿಚಾರಿಸಿದ್ದೇವೆ.